ಹಗ್ಗದ ಎರಡು ತುದಿ

ಬೆಂಗೇರಿಯಲ್ಲಿ ನನ್ನ ಬಾಡಿಗೆ ಖೋಲಿಯ ಕೆಳಗೆ
ಜುಲೈ ತಿಂಗಳ ತುಂಬ ಹೊಲಿಗೆ ಯಂತ್ರದ ಸದ್ದು.
ಶಾವಂತ್ರೆವ್ವ ಹಗಲು ಖಾದಿ ಕೇಂದ್ರದಲ್ಲಿ ಬಾವುಟ ಹೊಲಿಯುತ್ತಾಳೆ,
ರಾತ್ರಿ ಓಣಿಯ ಮಂದಿಯ ಜಂಪರು, ಪರಕಾರ, ದಿಂಬಿನ ಚೀಲ.
ಮೇಲೆ ನಾನು,
ಕರ್ನೆಲ್ಲಿನ ಹೊಟ್ಟೆಯೊಳಗೆ ಕೈಹಾಕಿ ಕೂತವಳು.

ಮೂರು ದಿನದಿಂದ ಮೇಜಿನ ಮೇಲಿನ ಬೋರ್ಡು
ಒಂದು ತಾಸು ನಡೆದು ಸೆಟೆದುಕೊಳ್ಳುತ್ತಿತ್ತು.
ಕೂಗುತ್ತಿರಲಿಲ್ಲ, ಬೀಳುತ್ತಿರಲಿಲ್ಲ. ಬರೇ ನಿಲ್ಲುವುದು,
ಉಣಕಲ್ ಕೆರೆ ದಂಡೆಯ ಕೊಕ್ಕರೆ
ಒಂಟಿ ಕಾಲಲ್ಲಿ ನಿಂತ ಹಾಗೆ.

ಕೊನೆಗೆ ಸಿಕ್ಕಿತು: ನಾಲ್ಕು.
ಆ ಫಂಕ್ಷನ್ನಿಗೆ ಎರಡು ಫ್ಲ್ಯಾಗು ಕೊಡಬೇಕು.
ಮೊದಲನೆಯದರಲ್ಲಿ ನಾಲ್ಕೆಂದರೆ
ಮೆಮರಿ ಸಿಗುವ ತನಕ ನಿದ್ದೆ ಮಾಡಬಹುದು;
ಎರಡನೆಯದರಲ್ಲಿ ಅದೇ ನಾಲ್ಕೆಂದರೆ
ಕೊಡುವ ಮೊದಲು ಒರೆಸಿ ಸೊನ್ನೆ ಮಾಡು.
ರಾಜೇಸಾಬ ನದಾಫ, ಹೋದ ವರ್ಷ ಒಂದು ಸಂಜೆ,
ಅದಲು ಬದಲು ಬರೆದಿದ್ದ.
ಒರೆಸು ಅನ್ನಬೇಕಾದಲ್ಲಿ ನಿದ್ರಿಸು ಅಂದಿದ್ದ,
ಅದೂ ಇಂಟರಪ್ಟಿನ ನಡುವೆ,
ಯಾರೂ ಕಣ್ಣು ಮುಚ್ಚಬಾರದ ಜಾಗದಲ್ಲಿ.
ಕಂಪೈಲರ್ ನೋಡಿತು. ಇದೂ ಅಂಕಿ, ಅದೂ ಅಂಕಿ.
ಹೋಗು ಅಂತು.

ಬೈಯಲೆಂದು ಫೋನು ಎತ್ತಿದೆ. ಇಟ್ಟೆ.
ಆ ಸಾಲಿನ ಕೆಳಗೆ
ಪರಿಶೀಲಿಸಿದವರ ಹೆಸರು ನನ್ನದಿತ್ತು.

ಎಷ್ಟೋ ದಿನಕ್ಕೊಮ್ಮೆ ಬರುವ ನಳದ ನೀರಿಗೆ ಕೆಳಗಿಳಿದರೆ
ಶಾವಂತ್ರೆವ್ವ, ಮಾರಿ ಯಾಕ ಸಪ್ಪಗ ಐತಿ, ಅಂದಳು.
ನಾವೂ ಬಾವುಟ ಮಾಡ್ತೀವಿ ಬೇ, ಅರಿವಿ ಇಲ್ಲದ್ದು, ಅಂದೆ.
ಒಂದರ ಜಾಗಾದಾಗ ಇನ್ನೊಂದು ಹೋತು.

ಆಕೆ ಕೊಡ ಬದಿಗೆ ಸರಿಸಿ
ಗಾಳಿಯಲ್ಲೇ ಒಂದು ಹಗ್ಗ ಹಿಡಿದು ತೋರಿಸಿದಳು:
“ಕಂಬದ ಬಾವುಟಕ್ಕ ಹಗ್ಗದ ತುದಿ ಎರಡು.
ಮ್ಯಾಲಿನ ತುದೀಗೆ ಕಟ್ಟಿಗಿ ಗೂಟ, ಕೆಳಗಿಂದಕ್ಕ ಬರೇ ಕುಣಿಕಿ.
ಯಾಕ ಹೇಳು? ಗಡಿಬಿಡ್ಯಾಗ ಏರಸಾಂವಗೂ
ಕೇಸರಿ ಯಾವ ಕಡೆ ಅನ್ನೂದು ಕೈಗೆ ತಿಳೀಬೇಕು.
ಮೇಜಿನ ಮ್ಯಾಲೆ ಇಡೂ ಸಣ್ಣದಕ್ಕ ಹಗ್ಗನ ಇಲ್ಲ.
ಅದನ್ನ ಕಂಬಕ್ಕ ಏರಸ್ತೀನಂದ್ರ ಎಲ್ಲೆ ಕಟ್ಟತಾನ?
ತಪ್ಪು ಮಾಡಬ್ಯಾಡ್ರಿ ಅಂತ ಗ್ವಾಡಿ ಮ್ಯಾಲೆ ಬರೀಬ್ಯಾಡ.
ತಪ್ಪು ಹಿಡಸಲಾರದಂಗ ಹೊಲಿ.”

ಆ ರಾತ್ರಿ ಅಂಕಿಗೆ ಅಂಗಿ ಹೊಲಿದೆ.
ನಿದ್ದೆಯ ನಾಲ್ಕಿಗೆ ಒಂದು ಟೈಪು,
ಒರೆಸುವ ನಾಲ್ಕಿಗೆ ಬೇರೆ.
ನಿದ್ದೆಯ ಫ್ಲ್ಯಾಗು ನಿದ್ದೆಯದರ ಜೊತೆ ಕೂಡಲಿ,
ಒರೆಸುವುದರ ಪಂಕ್ತಿಯಲ್ಲಿ ಅದಕ್ಕೆ ಎಲೆಯಿಲ್ಲ.
ಬರಿಮೈಯಲ್ಲಿ ಬಂದ ನಾಲ್ಕಿಗೆ ಬಾಗಿಲೇ ಇಲ್ಲ.
ಭಾರವೇನು ಇದಕ್ಕೆ?
ಕಂಪೈಲರಿನ ಹೊಸ್ತಿಲು ದಾಟಿದೊಡನೆ ಅಂಗಿ ಕಳಚಿ ಬೀಳುತ್ತದೆ,
ಚಿಪ್ಪಿಗೆ ಮುಟ್ಟುವುದು ಅದೇ ನಾಲ್ಕು, ಅದೇ ಒಂದು ಬಿಟ್,
ಗುಲಗಂಜಿ ತೂಕವೂ ಹೆಚ್ಚಿಲ್ಲ.

ಕಂಪೈಲ್ ಮಾಡಿದೆ. ಅರವತ್ತೊಂದು ಕೆಂಪು ಸಾಲು.
ಐವತ್ತೆಂಟು ಬರೇ ಸೋಮಾರಿತನ.
ಉಳಿದ ಮೂರು, ಅದೇ ಜಾತಿಯ ತಪ್ಪು,
ಇನ್ನೂ ಯಾರ ಬೋರ್ಡನ್ನೂ ಹಿಡಿಯದೆ ಹೊಂಚಿ ಕೂತವು.
ಅದರಲ್ಲೊಂದನ್ನು ಬರೆದವಳು ನಾನೇ.

ಒಂದು ಕಡೆ ಮಾತ್ರ ಅಂಗಿ ಬಿಚ್ಚಲೇಬೇಕಾಯಿತು:
ರಿಜಿಸ್ಟರಿಗೆ ಹೆಸರುಗಳು ತಿಳಿಯವು,
ಬತ್ತಲೆ ಬಿಟ್‌ಗಳನ್ನೇ ಕೇಳುತ್ತದೆ.
ಅಲ್ಲಿ ‘ಬಲವಂತ’ ಎಂದು ಬರೆದೆ, ಪಕ್ಕದಲ್ಲಿ ಕಾರಣ, ತಾರೀಖು.
ಚಂದ ಕಾಣಲಿಲ್ಲ. ಹಾಗೇ ಬಿಟ್ಟೆ.

ಮುಂಜಾನೆ ನದಾಫನ ಮೆಸೇಜು:
ಏನವ್ವಾ, ನನ್ನ ಕೋಡು ಕಂಪೈಲ್ ಆಗವಲ್ದಲ್ಲ?
ಅದಕ್ಕ ಮಾಡೇನಿ, ಎಂದು ಉತ್ತರಿಸಿದೆ.

ಶಾವಂತ್ರೆವ್ವ ಒಂದು ಗೂಟ ಕೊಟ್ಟಿದ್ದಾಳೆ,
ಸೀಳು ಬಿದ್ದು ತಪಾಸಣೆಯಲ್ಲಿ ಹೊರಬಿದ್ದದ್ದು.
ಬೋರ್ಡಿನ ಪಕ್ಕ ಇಟ್ಟಿದ್ದೇನೆ.
ಬೋರ್ಡು ಈಗ ನಿದ್ರಿಸುತ್ತದೆ, ನಿದ್ರಿಸಬಹುದಾದಲ್ಲಿ.
ಕೆಳಗೆ ಯಂತ್ರ ಇನ್ನೂ ನಿಂತಿಲ್ಲ.
ಆಗಸ್ಟ್ ಹದಿನೈದಕ್ಕೆ ಹದಿನೇಳು ದಿನ;
ಆಕೆಗೆ ಯಾರೂ ಆ ನಾಲ್ಕು ಕೊಟ್ಟಿಲ್ಲ.