ನಾ ನೇಯದ ಚಿಕ್ಕಿ

ಗುಳೇದಗುಡ್ಡದಾಗ ನಮ್ಮ ಮಗ್ಗ ನೆಲದಾಗ ಐತಿ.
ಕುಣಿ ದಂಡಿಗೆ ಕುಂತು ಕಾಲು ಇಳಿಬಿಟ್ಟರ
ಮ್ಯಾಲ ಖಣ, ಕೆಳಗ ಕತ್ತಲಿ.
ಕತ್ತಲಿ ನನ್ನ ಕಾಲಿಂದು, ಮತ್ತ ಬೆಕ್ಕಿಂದು.

ಬೆಕ್ಕಿನ ಹೆಸರು ಲಾಳಿ.
ಆ ಗ್ವಾಡಿಯಿಂದ ಈ ಗ್ವಾಡಿಗೆ ಓಡೂದು, ಅದಕ್ಕ.
ರೇಶಿಮಿ ಲಡಿ ಕಡಿಯೋ ಇಲಿ ಹಿಡಿಯೂದು ನೌಕರಿ,
ಒಂದು ಬಟ್ಟಲ ಹಾಲು ಪಗಾರ.

ನೂಲು ಬರದ ಹದಿನೈದು ದಿನ ಮಗ್ಗ ಸುಮ್ಮನಿತ್ತು.
ಹದಿನಾರನೇ ದಿನ ಕಾಲಹಲಗಿ ತುಳಿದೆ ನೋಡ್ರಿ,
ಧೂಳಿಗೆ ಜೀವ ಬಂತು.
ಹರಡಿನಿಂದ ಮೀನಖಂಡದ ತನಕ
ಒಗ್ಗರಣಿ ಸಾಸಿವಿ ಸಿಡಿದಂಗ.
ಯಮನೂರಪ್ಪ ಅಂದ, ಬೆವರಸಾಲಿ.
ನಿಂಬೆವ್ವ ಅಂದಳು, ರಕ್ತ ಕೆಟ್ಟೈತಿ, ಬೇವು ತಿನ್ನು.
ನಾ ಏನೂ ಅನಲಿಲ್ಲ, ಕೆರಕೊಂಡೆ.
ಕೆರಕೊಂಡು ನೇದ ಖಣ ಹೆಂಗಿದ್ದೀತು?
ದಡಿ ಸೊಟ್ಟ.

ಅವತ್ತ ಸಂಜಿಮುಂದ, ಕೆಂಪು ಖಣದ ಮ್ಯಾಲ
ನಾ ನೇಯದ ಚಿಕ್ಕಿ ಕಂಡೆ.
ಬಿಳೇದು. ಸವತಿಬೀಜದಷ್ಟು.
ಬೆಕ್ಕು ಎದ್ದು ಹೋದ ಜಾಗ, ಇನ್ನೂ ಬೆಚ್ಚಗಿತ್ತು.
ಹೊಕ್ಕಿನ್ಯಾಗ ತಪ್ಪಾತೇನು ಅಂತ ಬೆರಳಿಟ್ಟೆ.
ಚಿಕ್ಕಿ ಮೈ ಮುರಿದು
ಒಂದು ಎಳಿ ದಾಟಿ, ಮತ್ತೊಂದು ಎಳಿಗೆ ಹೋತು.

ದನದ ದವಾಖಾನಿಯಾಗ ಎಲ್ಲಾರೂ ನಕ್ಕರು.
ಎಮ್ಮಿ ಹಿಡಕೊಂಡವರು, ಆಡು ಹೊತ್ತವರು,
ನಡುವ ನಾನು, ಕಂಡಿಕಿ ಬುಟ್ಟಿ, ಬುಟ್ಟಿಯೊಳಗ ಬೈಗುಳ.
ಮುಲ್ಲಾ ಡಾಕ್ಟರಮ್ಮ ನಗಲಿಲ್ಲ.
ಹಣಿಗಿಲೆ ಬಾಚಿ, ಉದುರಿದ ಕರೇ ಹುಡಿ
ಒದ್ದಿ ಹತ್ತಿ ಮ್ಯಾಲ ಇಟ್ಟು, "ತಡೀರಿ" ಅಂದಳು.
ಬಣ್ಣ ಬಿಡೂದು ನಮಗ ಹೊಸಾದಲ್ಲ.
ಕಚ್ಚಾ ಯಾವುದು, ಪಕ್ಕಾ ಯಾವುದು, ನೀರಿಗೆ ಹಾಕೇ ನೋಡತೀವಿ.
ಕರೇ ಹುಡಿ ಕೆಂಪು ಬಿಟ್ಟಿತು.
"ಇದು ಚಿಗಟದ ಹೊಲಸು. ಬಣ್ಣ ನಿಮ್ಮ ಬೆಕ್ಕಿನ ರಕ್ತ."
ನನ್ನ ಕಾಲು ನೋಡಿ, "ಸ್ವಲ್ಪ ನಿಮ್ಮದೂ."

ಮೈ ನೆಕ್ಕುವಾಗ ಚಿಗಟ ನುಂಗತೈತಂತ,
ಚಿಗಟದ ಹೊಟ್ಟಿಯಾಗ ಹುಳದ ಮರಿ,
ಅದು ಬೆಳೆದರ ಲಾಡಿಹುಳ.
ಲಾಳಿಯೊಳಗ ಲಾಡಿ!
ನಗಬೇಕೋ ಬ್ಯಾಡೋ ತಿಳೀಲಿಲ್ಲ.
ಆ ಕತ್ತಲಿಯಾಗ ಕುಂತು ಅದೂ ನನ್ನಂಗ
ಕುತ್ತಿಗಿ ಕಡೆ ಹೊಸಾದು ನೇಯತೈತಿ,
ಬಾಲದ ಕಡೆ ಒಂದೊಂದ ಖಣ ಹರಿದು ಹೊರಗ ಕಳಸತೈತಿ.
ಸಾವುಕಾರನ ಅಂಗಡಿಗೆ ಹೋಗಿ ಕೂಲಿಗೆ ನಿಲ್ಲೂದಿಲ್ಲ,
ಅಷ್ಟ ಫರಕು.

ಅರ್ಧ ಗುಳಿಗಿ ಕೆನಿಯಾಗ ಸುತ್ತಿ ಕೊಟ್ಟಿವಿ.
ಕೆನಿ ಉಂಡು ಗುಳಿಗಿ ಉಗುಳಿತು.
ಎರಡನೇ ಸಲಕ್ಕ ಯಮನೂರಪ್ಪನ ಬೆರಳಿಗೆ ನಾಕು ಹಲ್ಲು.
ಕುತ್ತಿಗಿ ಹಿಂದ, ನಾಲಿಗಿ ಮುಟ್ಟದಲ್ಲೆ, ಹನಿ ಔಷಧ.
"ಬೆಕ್ಕಿನ ಮ್ಯಾಲ ಇರೂದು ನಾಕಾಣೆ," ಅಂದಿದ್ದಳು ಡಾಕ್ಟರಮ್ಮ,
"ಹನ್ನೆರಡಾಣೆ ಕುಣಿಯಾಗ. ಗೂಡು ಸುತಗೊಂಡು
ನಿಮ್ಮ ಹೆಜ್ಜಿ ಸಪ್ಪಳಕ್ಕ ಕಾಯತಾವ."
ಅವೂ ರೇಶಿಮಿ ಗೂಡ ಅಂತ, ಸಣ್ಣಾವು.

ಕುಣಿ ಬಳಿದಿವಿ. ಬಿಸಿನೀರು, ಸುಣ್ಣ.
ಮೂವತ್ತು ವರ್ಷದ ನೂಲಿನ ಜುಂಗು,
ಒಂದು ಹತ್ತು ಪೈಸಾ,
ಮತ್ತ ನಮ್ಮ ಅತ್ತಿಯ ಅಡಕತ್ತರಿ.
ಕಳುವಾಗೈತಿ ಅಂತ ನನ್ನ ಮ್ಯಾಲ ಹಾಕಿದ್ದಳು,
ಸಾಯೂತನಕ ಬಿಟ್ಟಿರಲಿಲ್ಲ.
ತೊಳೆದು ಗೂಟಕ್ಕ ಹಾಕೀನಿ. ಯಾರಿಗೆ ತೋರಿಸಲಿ?

ಈಗ ಬೆಕ್ಕಿನ ಮೈ ಮಿಂಚತೈತಿ.
ಕುಣಿಯಾಗ ಸುಣ್ಣದ ವಾಸನಿ.
ನಾ ಮಾತ್ರ ಕಾಲಹಲಗಿ ತುಳಿಯುವಾಗ
ಏನೂ ಇಲ್ಲದ ಜಾಗ ಕೆರಕೋತೀನಿ.