ಕಡತ ನೂರ ಹದಿನೇಳು

ಮಾನಸಗಂಗೋತ್ರಿಯ ಹಿಂದಿನ ಈ ಕೋಣೆಗೆ
ಕಿಟಕಿಯಿಲ್ಲ. ಗೋಡೆಗೆಲ್ಲ ಸ್ಪಂಜು,
ಕೆಮ್ಮಿದರೂ ಮರುದನಿ ಬಾರದ ಹಾಗೆ.
ಹುಣಸೂರಿನ ಬಸ್ಸಿಳಿದು ಬಂದ ಬೊಳ್ಳಿ
ಚಪ್ಪಲಿ ಹೊರಗೆ ಬಿಟ್ಟಳು; ಬೇಡವೆಂದೆ; ಬಿಟ್ಟಳು.
ಸೆರಗಿಗಂಟಿಕೊಂಡು ಮೊಮ್ಮಗಳು ಸಿಂಚನ,
ಆಶ್ರಮ ಶಾಲೆಯ ಆರನೇ ಕ್ಲಾಸು.

ಮೊದಲು ನಮೂನೆ ತುಂಬಬೇಕು.
ಹೆಸರು. ಹಾಡಿ. ಹಾಡಿಗೂ ಮುಂಚಿನ ಹಾಡಿ,
ಅದಕ್ಕೆ ಜಾಗವಿಲ್ಲ, ಅಂಚಿನಲ್ಲಿ ಬರೆದೆ.
ಆಮೇಲೆ: ಭಾಷೆಯೋ, ಉಪಭಾಷೆಯೋ?
ಪೆನ್ನು ಅಲ್ಲೇ ನಿಂತಿತು.
ಆ ‘ಉಪ’ ನಮ್ಮದೇ ಕೊಡುಗೆ,
ಉಪ್ಪಿನಕಾಯಿಯ ಹಾಗೆ ಎಲೆಯ ತುದಿಗೆ ಬಡಿಸಿದ್ದು.

ಬಾಗಿಲ ಪಕ್ಕ ಒಂದು ಚಿತ್ರ,
ಹೊಕ್ಕೈಡೊದಿಂದ ಯಾರೋ ತಂದು ಅಂಟಿಸಿದ್ದು:
ಐನು ಅಜ್ಜಿ, ತುಟಿಯ ಸುತ್ತ ಕಪ್ಪು.
‘ಇವ್ಳ ಬಾಯ್ಗೇನಾಗದೆ?’
ಹಚ್ಚೆ, ಅಂದೆ. ಸರ್ಕಾರ ಬೇಡವೆಂದಿತು ಅದನ್ನು,
ಆಮೇಲೆ ಆ ಬಾಯಿಯ ಮಾತನ್ನೂ.
ಬೊಳ್ಳಿ ಚಿತ್ರದ ಪಕ್ಕ ಮುಂಗೈ ಚಾಚಿದಳು,
ಸುಕ್ಕಿನೊಳಗೆ ಹಸಿರು ಚುಕ್ಕಿಗಳ ಸಾಲು.
ಕರಡಿಯನ್ನೇ ದೇವರೆಂದು ಕೈಮುಗಿಯುವವರು, ಅಂದೆ.
ನಕ್ಕಳು: ‘ನಮ್ಗೆ ದಾಯಾದಿ.
ಜೇನಲ್ಲಿ ಅರ್ಧ ಅವ್ನಿಗೇ ಹೋಯ್ತದೆ.’

ಕೆಂಪು ದೀಪ ಹತ್ತಿತು. ಹೇಳುತ್ತ ಹೋದಳು
ಹೆಜ್ಜೇನು, ತುಡುವೆ, ಕೋಲುಜೇನು,
ನನ್ನ ಲಿಪಿಗೆ ದಕ್ಕದ ಸ್ವರದ ಇನ್ನೊಂದು,
ಇರುಳಲ್ಲಿ ಮರ ಹತ್ತಿದವನಿಗೆ
ಬುಡದಲ್ಲಿದ್ದವರು ಕೂಗುವ ಕೂಗು.
ನಡುವೆ ನಿಲ್ಲಿಸಿ ಕೇಳಿದಳು:
‘ಈ ಡಬ್ಬಿ ತಿರುಗಿ ಮಾತಾಡ್ತದಾ?’
ಇಲ್ಲ. ನೀವಂದದ್ದನ್ನೇ ಅನ್ನುತ್ತದೆ.
‘ಹಂಗಾರೆ ಬರೀ ಮೇಣ.’

ಎದ್ದಳು. ಸಿಂಚನಳನ್ನು ಕುರ್ಚಿಗೆ ಕೂರಿಸಿ
ಅನ್ನು, ಎಂದಳು.
ಹುಡುಗಿ ಪಾಠ ಒಪ್ಪಿಸುವವಳಂತೆ ಕೈಕಟ್ಟಿ
ಆ ಕೂಗನ್ನು ಕೂಗಲಿಲ್ಲ, ಓದಿದಳು.
ತಲೆಗೊಂದು ಮೊಟಕು. ಇನ್ನೊಮ್ಮೆ. ಮತ್ತೂ ತಪ್ಪು.
ಮೂರನೆಯದಕ್ಕೆ ಇಬ್ಬರಿಗೂ ನಗು ಉಕ್ಕಿ
ಮಾಪಕದ ಮುಳ್ಳು ಕೆಂಪಿನಾಚೆಗೆ ಜಿಗಿಯಿತು.

ತಪ್ಪು ಉಚ್ಚಾರ, ನಗು, ಕೆಮ್ಮು ಕತ್ತರಿಸತಕ್ಕದ್ದು:
ನಮ್ಮ ನಿಯಮ, ಪುಟ ನಾಲ್ಕು.
ಸಂಜೆ, ಎಲ್ಲರೂ ಹೋದ ಮೇಲೆ,
ಹೆಡ್‌ಫೋನು ಹಾಕಿ ಕೂತೆ.
ಹನ್ನೊಂದನೇ ನಿಮಿಷ. ಮೊಟಕಿದ ಸದ್ದು,
ಬಳೆ, ‘ಅಯ್ಯೋ ಅಜ್ಜೀ’,
ಆಮೇಲೆ ಒಂದೇ ಉಸಿರಿಗೆ, ಸೀಳು ದನಿಯಲ್ಲಿ, ಅದು.
ಎಳೆಯದು. ಸ್ವಲ್ಪ ಸೊಟ್ಟ.
ಯಾರೋ ನಿಜಕ್ಕೂ ಮರದ ಮೇಲಿದ್ದಾರೆಂಬಂತೆ
ನಾನು ತಲೆಯೆತ್ತಿ ನೋಡಿದೆ; ಟ್ಯೂಬ್‌ಲೈಟು.

ಏನನ್ನೂ ಕತ್ತರಿಸದೆ ಮುಚ್ಚಿದೆ.
ಖಾನೆ ಖಾಲಿಯಿದೆ, ನಾಳೆ ಕೇಳುತ್ತಾರೆ.
ಬಾಗಿಲು ತೆಗೆದರೆ ಹೊಸ್ತಿಲಾಚೆ
ಬೊಳ್ಳಿಯ ಚಪ್ಪಲಿ ಬಿಟ್ಟಲ್ಲೇ ಇವೆ.
ಬರಿಗಾಲಲ್ಲೇ ಬಸ್ಸು ಹತ್ತಿದ್ದಾಳೆ.