ತಾಳೆ

ಭಾನುವಾರ ಬೆಳಿಗ್ಗೆ ಮುಲುಂಡಿನ ಮನೆಯಲ್ಲಿ ನನಗೆ ಎರಡು ಕೆಲಸ:
ಅಕ್ಕಿ ನೆನೆಹಾಕುವುದು, ಕಾರ್ಡಿನ ಚೀಟಿ ಬಿಡಿಸುವುದು.
ಪರ್ಸಿನ ತಳದಲ್ಲಿ, ಲೋಕಲ್ ಪಾಸಿನ ಕೆಳಗೆ
ಮಡಚಿ ಮಡಚಿ ಮೆತ್ತಗಾದ ಕಾಗದ,
ಅರ್ಧ ಅಕ್ಷರ ಆಗಲೇ ಆವಿಯಾಗಿವೆ.

ಸ್ಟೇಟ್‌ಮೆಂಟಿನಲ್ಲಿ ಅಂಗಡಿಗಳಿಗೆ ಬೇರೆಯೇ ಹೆಸರು.
'ಗಣರಾಜ ಎಂಟರ್‌ಪ್ರೈಸಸ್, ನಾನೂರ ಎಂಬತ್ತು.'
ಯಾರಪ್ಪ ಇವನು ಗಣರಾಜ?
ಹತ್ತು ನಿಮಿಷ ತಲೆ ಕೆರೆದ ಮೇಲೆ ನೆನಪು:
ಪಾಂಚ್ ರಸ್ತಾದ ಚಪ್ಪಲಿ ಅಂಗಡಿ,
ಮಳೆಯಲ್ಲಿ ಉಂಗುಟ ಕಿತ್ತುಹೋದ ಸಂಜೆ.
ಉಜ್ಜಿದ್ದು ಶುಕ್ರವಾರ, ಬ್ಯಾಂಕು ಬರೆದದ್ದು ಸೋಮವಾರ.
ನಡುವಿನ ಎರಡು ದಿನ ಆ ಚಪ್ಪಲಿ
ಯಾರ ದುಡ್ಡಿನಲ್ಲಿ ನಡೆಯಿತೋ.

ಶಿವಪುತ್ರನದು ಒಂದೇ ಹಟ:
"ಬಿಲ್ ಕಟ್ಟಿದಾಗ ಒಂದ ಸಾಲು ಬರದ್ರ ಮುಗೀತಲ್ಲ."
ನನ್ನದು ಇನ್ನೊಂದು: ಉಜ್ಜಿದ ಗಳಿಗೆಯೇ ಖರ್ಚು,
ಕಟ್ಟುವುದು ಬರೀ ಸಾಲದ ಬಾಯಿ ಮುಚ್ಚುವುದು.
ಹೇಳಿದರೆ ಕೇಳಿದನೆ? ಅವನೂ ಬರೆದ, ನಾನೂ ಬರೆದೆ.
ಸಾಫ್ಟ್‌ವೇರಿನ ಪ್ರಕಾರ ಜುಲೈ ತಿಂಗಳು
ಎರಡು ಸಲ ಉಂಡಿದ್ದೇವೆ, ಎರಡು ಸಲ ಗ್ಯಾಸು ತರಿಸಿದ್ದೇವೆ,
ಒಂದೇ ಹಲ್ಲನ್ನು ಎರಡು ಸಲ ಕೀಳಿಸಿದ್ದೇವೆ.
ಕೆಂಪು ಕಂಬ ಪರದೆಯ ಮಾಳಿಗೆ ಮುಟ್ಟಿತು.
ಅವನ ಸಾಲುಗಳನ್ನು ಅಳಿಸುತ್ತ ಕೂತೆ. ಅವನು ಪಕ್ಕದಲ್ಲಿ ನಿಂತು
ಚಹಾ ಸೋಸಿದ. ಸೋತೆ ಅನ್ನಲಿಲ್ಲ.

ಎಲ್ಲ ಅಳಿಸಿದರೂ ತಾಳೆ ಬೀಳದು.
ಇನ್ನೂರ ನಲವತ್ತು ರೂಪಾಯಿ ಎಲ್ಲೋ ಉಳಿದಿದೆ
ಅಕ್ಕಿಯೊಳಗಿನ ಕಲ್ಲಿನ ಹಾಗೆ,
ಕಣ್ಣಿಗೆ ಕಾಣದು, ಹಲ್ಲಿಗೆ ಸಿಗುತ್ತದೆ.
ಮೇಲಿನಿಂದ ಕೆಳಗೆ. ಕೆಳಗಿನಿಂದ ಮೇಲೆ.
ಆಗ ಸಿಕ್ಕವು, ನಾನು ಬರೆಯದೇ ಬಿಟ್ಟ ಎರಡು ಸಾಲು:
ಹನ್ನೊಂದು, ರೈಲು, ಎರಡು ಟಿಕೀಟು, ಎಂಟುನೂರ ಐವತ್ತು.
ಹದಿನಾಲ್ಕು, ರೈಲು, ಜಮಾ, ಆರುನೂರ ಹತ್ತು.

ಗದಗಿನ ಗಾಡಿ.
ಅಕ್ಕನ ಹೊಸ ಮನೆಯ ವಾಸ್ತುಶಾಂತಿ.
ನೀಲಗಂಗಕ್ಕ ಫೋನಿನಲ್ಲಿ ಒಂದು ಮಾತಂದಳು,
ನಾನು ಅದಕ್ಕೆ ನಾಲ್ಕು ಜೋಡಿಸಿದೆ,
ಆಮೇಲೆ ಬೆರಳು ತಾನಾಗಿ 'ರದ್ದು' ಒತ್ತಿತು.

ಸಾಫ್ಟ್‌ವೇರು ಕೇಳುತ್ತದೆ: ವರ್ಗ?
ಪ್ರಯಾಣ ಅನ್ನಲೇ? ಹೊಸಿಲು ದಾಟಲಿಲ್ಲ.
ಉಡುಗೊರೆ? ಆ ಇಳಕಲ್ ಸೀರೆ ಇನ್ನೂ
ಕಪಾಟಿನಲ್ಲಿದೆ, ಅಂಗಡಿಯ ಚೀಲದಲ್ಲೇ.
ದಂಡ ಎಂಬ ವರ್ಗವಿದೆ, ಅದು ಬ್ಯಾಂಕಿನ ದಂಡಕ್ಕೆ.
'ಇತರೆ'ಗೆ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ.
"ಏನಿದು?" ಅಂದ ಶಿವಪುತ್ರ, ಹೆಗಲ ಮೇಲಿಂದ.
"ಹೋಗದಿದ್ದ ಊರಿನ ಖರ್ಚು."
ಅವನು ಲೋಟ ಕೆಳಗಿಟ್ಟ, ಸದ್ದಿಲ್ಲದೆ.

ಪಟ್ಟಿಯ ಕೊನೆಗೆ ಪುಟ್ಟ ಹಸಿರು ಗುರುತು ಬಿತ್ತು.
ವ್ಯತ್ಯಾಸ: ಸೊನ್ನೆ.
ಯಂತ್ರಕ್ಕೆ ಅಷ್ಟು ಸಾಕು.

ಇವತ್ತು ಹತ್ತೊಂಬತ್ತು. ಬಿಲ್ಲು ನಿನ್ನೆಗೇ ಮುಚ್ಚಿದೆ,
ಈಗ ಉಜ್ಜಿದ್ದಕ್ಕೆ ಐವತ್ತು ದಿನ ಬಿಡುವು, ಬಡ್ಡಿಯಿಲ್ಲ.
ಸಿಟ್ಟಿಗೆ ಮಾತ್ರ ಮೊದಲ ದಿನದಿಂದಲೇ ಬಡ್ಡಿ.
ಅಕ್ಕಿ ನೆನೆದಿದೆ. ಮೊಬೈಲು ತೆಗೆದು
ಊರಿನ ಹೆಸರು ಬರೆಯತೊಡಗಿದರೆ
ಎರಡನೇ ಅಕ್ಷರಕ್ಕೇ ಅದು ತಾನೇ ಬಂತು.
ಎಷ್ಟು ಮಂದಿ, ಕೇಳುತ್ತದೆ. ಅವನತ್ತ ನೋಡಿದೆ.
"ಹೊಸಾ ಚಪ್ಪಲಿ ಅದಾವಲ್ಲ," ಅಂದ.